ಮಾರುವಾಗ ‘ಹೈಬ್ರಿಡ್ ಅಲ್ಲ ಅಣ್ಣ’, ವಾರಂಟಿ ಕೇಳಿದಾಗ ‘ಹೈಬ್ರಿಡ್ ಸರ್’

ಡಲ್ಲಾಸ್ ಸುತ್ತಮುತ್ತ ಹಳೆಯ ಪಿಕಪ್ ಹುಡುಕುತ್ತಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ನಮ್ಮ ಪರಿಚಯದವರೊಬ್ಬರು ಈ ಶನಿವಾರ, ನಾನು ಪಿಕಪ್ ಕೊಂಡು ಮೋಸಹೋದ ಅಂಗಡಿಗೇ ಹೊರಟಿದ್ದಾರೆಂದು ಇವತ್ತು ಗೊತ್ತಾಯಿತು. ಅದಕ್ಕೇ ರಾತ್ರಿ ಹನ್ನೊಂದು ಗಂಟೆಗೆ ಕುಳಿತು ಬರೆಯುತ್ತಿದ್ದೇನೆ. ಮೂರು ವಾರ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಹಗಲೆಲ್ಲ ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸುವವನು. ಅಂಥವನಿಗೆ ಕಣ್ಣೆದುರು ಉರಿಯುತ್ತಿದ್ದ ಒಂದು ಕಿತ್ತಳೆ ದೀಪ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ಏನದು ಎಂದು ಕೇಳಿಯೂ ಇದ್ದೆ.

ವಾರಾಂತ್ಯದಲ್ಲಿ ನಾನೂ ನನ್ನ ಹೆಂಡತಿಯೂ ಸಣ್ಣದಾಗಿ ಅಡುಗೆ ಕಾಂಟ್ರಾಕ್ಟ್ ಮಾಡುತ್ತೇವೆ. ಇಡ್ಲಿ ಪಾತ್ರೆ, ಎರಡು ಗ್ರೈಂಡರ್, ಗ್ಯಾಸ್ ಒಲೆ, ಮಡಚುವ ಮೇಜುಗಳು ಎಲ್ಲ ಒಂದು ಟ್ರೇಲರ್‌ನಲ್ಲಿ. ಅದನ್ನು ಎಳೆಯಲು ಎಂಟು ಸಿಲಿಂಡರಿನ ಒಂದು ಗಟ್ಟಿ ವಿ8 ಪಿಕಪ್ ಬೇಕಿತ್ತು, ಹದಿನೈದು ವರ್ಷ ಬಾಳುವಂಥದ್ದು. ಪಕ್ಕದ ಮನೆಯ ಮೆಕ್ಯಾನಿಕ್ ಮುದುಕ ಒಂದೇ ಮಾತು ಹೇಳಿದ್ದ: ಬ್ಯಾಟರಿಗೆ ಚಾರ್ಜ್ ಕೊಡುವ ಸಾದಾ ಆಲ್ಟರ್ನೇಟರ್ ಇರುವುದನ್ನು ತೆಗೆದುಕೋ, ಕೆಟ್ಟರೆ ನಿನ್ನ ಗ್ಯಾರೇಜಿನಲ್ಲೇ ಬದಲಾಯಿಸಿಕೊಡುತ್ತೇನೆ, 48 ವೋಲ್ಟ್ ಹೈಬ್ರಿಡ್ ಇರುವುದನ್ನು ತಂದರೆ ನನ್ನನ್ನು ಕರೆಯಬೇಡ.

ಹೊಸದನ್ನೇ ಕೊಳ್ಳಬಹುದಿತ್ತಲ್ಲ ಎನ್ನುವವರಿಗೆ: ರ್‍ಯಾಮ್ 1500 ಎಂಬ ಪಿಕಪ್‌ನಲ್ಲಿ ಆರು ಸಿಲಿಂಡರಿನ ವಿ6 ಕೊಂಡರೆ 2019ರ ಹೊಸ ವಿನ್ಯಾಸದ ಮಾದರಿಯಿಂದಲೂ ಇ-ಟಾರ್ಕ್ ಎಂಬ 48 ವೋಲ್ಟ್‌ನ ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಸಹಾಯ ಮಾತ್ರ ಮಾಡುವ ಸಣ್ಣ ವಿದ್ಯುತ್ ಏರ್ಪಾಟು, ಕಡ್ಡಾಯ. 5.7 ಲೀಟರ್ ಹೆಮಿ ವಿ8ನಲ್ಲಿ ಮಾತ್ರ ಬೇಕಾದರೆ ತೆಗೆದುಕೊಳ್ಳಿ, ಬೇಡವಾದರೆ ಬಿಡಿ ಎಂದಿತ್ತು. 2025ರ ಮಾದರಿಯಲ್ಲಿ ಆ ಎಂಜಿನ್ನನ್ನೇ ತೆಗೆದುಹಾಕಿದರು. ಜನ ಗಲಾಟೆ ಮಾಡಿದ ಮೇಲೆ 2026ಕ್ಕೆ ವಾಪಸ್ ತಂದರು, ಆದರೆ ಇ-ಟಾರ್ಕ್ ಕಟ್ಟಿಯೇ ತಂದರು. ಅಂದರೆ ಅದಿಲ್ಲದ ಹೆಮಿ ಬೇಕಾದವರು ಆಗ ಹಳೆಯ ಗಾಡಿಗಳ ಸಾಲಿನಲ್ಲೇ ಹುಡುಕಬೇಕಿತ್ತು. ನನ್ನಂಥವರು ಬಹಳ ಜನ ಹುಡುಕುತ್ತಿದ್ದೆವು. ಅಂಗಡಿಯವರಿಗೂ ಅದು ಚೆನ್ನಾಗಿ ಗೊತ್ತಿತ್ತು.

ಈ ಏರ್ಪಾಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆಲ್ಟರ್ನೇಟರ್ ಜಾಗದಲ್ಲಿ ಬೆಲ್ಟ್‌ಗೆ ಜೋಡಿಸಿದ ಮೋಟರ್ ಇರುತ್ತದೆ, ಹಿಂದಿನ ಸೀಟಿನ ಬೆನ್ನಿಗೆ 430 ವಾಟ್-ಅವರ್‌ನ ಲಿಥಿಯಂ ಬ್ಯಾಟರಿ. ಬರೀ ಬ್ಯಾಟರಿಯಲ್ಲಿ ಗಾಡಿ ಓಡುವುದಿಲ್ಲ. ಹೊರಡುವಾಗ ಎಂಜಿನ್ನಿಗೆ ಹೆಗಲು ಕೊಡುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಎಬ್ಬಿಸುತ್ತದೆ. ಸರ್ಕಾರಿ ಲೆಕ್ಕದಲ್ಲಿ ನಾಲ್ಕು ಚಕ್ರ ಎಳೆಯುವ ಹೆಮಿಗೆ ಊರೊಳಗೆ ಗ್ಯಾಲನ್ನಿಗೆ 15 ಮೈಲಿ ಇದ್ದದ್ದು 17 ಆಗುತ್ತದೆ, ಹೆದ್ದಾರಿಯಲ್ಲಿ 21 ಇದ್ದದ್ದು 22. ಬೇಕಾದವರು ಸುಖವಾಗಿ ಕೊಳ್ಳಲಿ. ನನಗೆ ಬೇಡವಾಗಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದ್ದೆ.

ಅಂಗಡಿ ನಮ್ಮ ಮನೆಯಿಂದ ಒಂದೂವರೆ ಗಂಟೆ ದೂರ. 2021ರ ರ್‍ಯಾಮ್ 1500 ಹೆಮಿ, 61,400 ಮೈಲಿ ಓಡಿತ್ತು. ಮಾರಾಟಕ್ಕೆ ನಿಂತಿದ್ದವನು ಕನ್ನಡದ ಹುಡುಗ! ನನ್ನ ಹೆಸರು ನೋಡಿದವನೇ ‘ಅಣ್ಣ, ಯಾವೂರು ನಿಮ್ಮದು?’ ಎಂದ. ಅರಸೀಕೆರೆ ಎಂದೆ. ‘ಅಯ್ಯೋ, ನಮ್ಮದು ತಿಪಟೂರು, ಪಕ್ಕದಲ್ಲೇ’ ಎಂದ. ಅಲ್ಲಿಗೆ ನನ್ನ ಬುದ್ಧಿ ಮಂಜಾಯಿತು. ಟೆಕ್ಸಸ್‌ನ ಬಿಸಿಲಲ್ಲಿ ನಿಂತು ತೆಂಗಿನಕಾಯಿ ದರ ಮಾತಾಡಿದೆವು.

‘ನೋಡಪ್ಪ, ನನಗೆ ಆ ಹೈಬ್ರಿಡ್ ಇರುವುದು ಬೇಡ. ಇದರಲ್ಲಿ ಇದೆಯೋ ಇಲ್ಲವೋ?’ ಎಂದು ಕೇಳಿದೆ. ಇದೇ ಮಾತು. ಪಕ್ಕದಲ್ಲಿ ಹೆಂಡತಿ ಇದ್ದಳು.

‘ಅಣ್ಣ, ಇದು ಹೈಬ್ರಿಡ್ ಅಲ್ಲವೇ ಅಲ್ಲ. ಅಪ್ಪಟ ಪೆಟ್ರೋಲ್ ವಿ8.’

ಗಾಡಿಯನ್ನು ಅವನೇ ಮೊದಲೇ ಚಾಲೂ ಮಾಡಿ, ಎಸಿ ಹಾಕಿ, ಮುಂದೆ ತಂದು ನಿಲ್ಲಿಸಿದ್ದ. ಎಂಥ ಮರ್ಯಾದೆ ಎಂದುಕೊಂಡೆ. ಗುಂಡಿಗಳ ಸಾಲಿನಲ್ಲಿ ಒಂದರ ಮೇಲೆ ಕಿತ್ತಳೆ ದೀಪ ಉರಿಯುತ್ತಿತ್ತು. ಇದೇನು ಎಂದೆ. ‘ಅದು ಎಸಿಗೆ ಸಂಬಂಧಪಟ್ಟದ್ದಣ್ಣ, ಮುಟ್ಟಬೇಡಿ, ತಂಪು ಕಡಿಮೆಯಾಗುತ್ತದೆ.’ ಹತ್ತು ಮೈಲಿ ಓಡಿಸಿದೆ, ಐದಾರು ಸಿಗ್ನಲ್‌ನಲ್ಲಿ ನಿಂತೆ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು.

ಸಹಿ ಹಾಕಿದೆ. ಹಣಕಾಸಿನ ಕೊಠಡಿಯಲ್ಲಿ ಇನ್ನೊಬ್ಬ 3,295 ಡಾಲರಿನ ಸರ್ವಿಸ್ ಕಾಂಟ್ರಾಕ್ಟ್ ತೋರಿಸಿದ. ಎಂಜಿನ್, ಗೇರ್‌ಬಾಕ್ಸಿಗೆ ಕಂಪನಿ ಕೊಡುವ ಪವರ್‌ಟ್ರೇನ್ ವಾರಂಟಿ 60,000 ಮೈಲಿಗೆ ಮುಗಿದಿದೆ, ಇದಿದ್ದರೆ ಬಂಪರ್‌ನಿಂದ ಬಂಪರ್‌ವರೆಗೆ ಚಿಂತೆಯಿಲ್ಲ ಎಂದ. ಪರದೆಯ ಮೇಲೆ ಬೆರಳಲ್ಲಿ ಹದಿನಾಲ್ಕು ಸಲ ಸಹಿ ಗೀಚಿದೆ. ಒಂದನ್ನೂ ಓದಲಿಲ್ಲ. ಬೈಯುವವರು ಇಲ್ಲಿ ಬೈದುಕೊಳ್ಳಿ, ಮನೆಯಲ್ಲಿ ಈಗಾಗಲೇ ಬೈಸಿಕೊಂಡಾಗಿದೆ.

ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಗಾಡಿ ಆರಿಸಿ, ಮತ್ತೆ ಚಾಲೂ ಮಾಡಿ ಹೊರಟೆ. ಮುಂದಿನ ಕೆಂಪು ದೀಪದಲ್ಲಿ ಬ್ರೇಕ್ ಒತ್ತಿ ನಿಂತೆ. ಸದ್ದಿಲ್ಲ. ಎಂಜಿನ್ ಸುತ್ತು ತೋರಿಸುವ ಸೂಜಿ ಸೊನ್ನೆಗೆ ಬಿತ್ತು. ಅಯ್ಯೋ, ಕೊಂಡ ಎರಡೇ ಗಂಟೆಯಲ್ಲಿ ಗಾಡಿ ಕೆಟ್ಟಿತು ಎಂದು ಎದೆ ಧಸಕ್ಕೆಂದಿತು. ಹೊರಗೆ 104 ಡಿಗ್ರಿ ಫ್ಯಾರನ್‌ಹೀಟ್. ಎಸಿಯ ಗಾಳಿ ನಿಧಾನವಾಗಿ ಉಗುರುಬೆಚ್ಚಗಾಯಿತು. ಹಸಿರು ಬಿತ್ತು, ಬ್ರೇಕಿನಿಂದ ಕಾಲು ತೆಗೆದೆ, ಎಂಜಿನ್ ಏನೂ ಆಗದವರ ಹಾಗೆ ಎದ್ದಿತು. ಆಗ ನನ್ನ ಕಣ್ಣು ಆ ಗುಂಡಿಯ ಮೇಲೆ ಹೋಯಿತು. ದೀಪ ಉರಿಯುತ್ತಿರಲಿಲ್ಲ. ವೃತ್ತಾಕಾರದ ಬಾಣದ ನಡುವೆ ಇಂಗ್ಲಿಷಿನ ‘ಎ’ ಅಕ್ಷರ. ಎಂಜಿನ್ ತಾನಾಗಿ ನಿಲ್ಲುವುದನ್ನು ತಡೆಯುವ ಗುಂಡಿ ಅದು. ಪ್ರತಿ ಸಲ ಗಾಡಿ ಆರಿಸಿದಾಗಲೂ ಮೊದಲಿನ ಸ್ಥಿತಿಗೆ ಹೋಗುತ್ತದೆ. ಅವನು ಬೆಳಿಗ್ಗೆಯೇ ಅದನ್ನು ಒತ್ತಿಟ್ಟು, ಎಂಜಿನ್ ಆರಿಸದೆ ನನಗಾಗಿ ಕಾದಿದ್ದ. ಎಸಿಯಂತೆ! ತಂಪಂತೆ!

ಮನೆಗೆ ಬಂದು ಹಿಂದಿನ ಸೀಟು ಮಡಚಿ ನೋಡಿದೆ. ಬ್ಯಾಟರಿ ಗೋಡೆಗೆ ಒರಗಿ ಕುಳಿತಿತ್ತು. ಹೆಂಡತಿ ಟಾರ್ಚ್ ಹಿಡಿದಿದ್ದಳು. ಏನೂ ಮಾತಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಫೋನ್ ಮಾಡಿದೆ. ‘ಅಣ್ಣ, ನೀವು ಹೈಬ್ರಿಡ್ ಎಂದು ಕೇಳಿದಿರಿ. ಇದು ಮೈಲ್ಡ್ ಹೈಬ್ರಿಡ್. ಬರೀ ಬ್ಯಾಟರಿಯಲ್ಲಿ ಓಡುತ್ತದೆಯೇ ಹೇಳಿ? ಮತ್ತೆ ಹೈಬ್ರಿಡ್ ಹೇಗಾಯಿತು?’ ಎಂದ. ದೀಪದ ವಿಷಯ ಎತ್ತಿದೆ. ‘ಎಂಜಿನ್ ನಿಂತರೆ ತಂಪು ಕಡಿಮೆಯಾಗುತ್ತದಲ್ಲ ಅಣ್ಣ, ನಾನು ಹೇಳಿದ್ದು ಸುಳ್ಳೇ?’ ನಿಜ ಹೇಳಬೇಕೆಂದರೆ ಒಂದು ಕ್ಷಣ ನನ್ನ ಬಾಯಿ ಕಟ್ಟಿತು. ಮೈ ಉರಿಯಿತು, ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಸರ್ವಿಸ್ ಕಾಂಟ್ರಾಕ್ಟ್ ತೆಗೆದು ಓದಿದೆ. ಓದಬೇಕಾದ ಹೊತ್ತಿನಲ್ಲಿ ಓದದವನು ಆಗ ಅಕ್ಷರಅಕ್ಷರ ಓದಿದೆ. ಒಂಬತ್ತನೆಯ ಪುಟದಲ್ಲಿ, ಇದಕ್ಕೆ ಸೇರದ ಭಾಗಗಳ ಪಟ್ಟಿಯಲ್ಲಿ, ‘ಯಾವುದೇ ಬಗೆಯ ಹೈಬ್ರಿಡ್ ಬ್ಯಾಟರಿ, ಮೋಟರ್-ಜನರೇಟರ್’ ಎಂದಿತ್ತು. ಮರುದಿನ ನೇರ ಮ್ಯಾನೇಜರಿಗೇ ಕೇಳಿದೆ, ನನ್ನ ಗಾಡಿಯ 48 ವೋಲ್ಟ್ ಭಾಗಗಳು ಇದರಲ್ಲಿ ಸೇರುತ್ತವೆಯೇ ಎಂದು. ಇಲ್ಲ ಸರ್, ಅವು ಹೈಬ್ರಿಡ್ ಭಾಗಗಳು ಎಂದರು. ನಿಮ್ಮ ಹುಡುಗ ಇದು ಹೈಬ್ರಿಡ್ ಅಲ್ಲ ಎಂದನಲ್ಲ ಎಂದೆ. ಮಾರಾಟ ವಿಭಾಗ ಬೇರೆ, ಕಾಂಟ್ರಾಕ್ಟ್ ಕಂಪನಿ ಬೇರೆ ಎಂದರು. ಅದೇ ಛಾವಣಿ, ಅದೇ ಕಾಫಿ ಯಂತ್ರ, ನಡುವೆ ಒಂದು ಗಾಜಿನ ಬಾಗಿಲು. ಆ ಬಾಗಿಲಿನ ಆಚೆ ಹೈಬ್ರಿಡ್ ಅಲ್ಲ, ಈಚೆ ಹೈಬ್ರಿಡ್.

ಗಾಡಿ ವಾಪಸ್ ತೆಗೆದುಕೊಳ್ಳಿ ಎಂದೆ. ಕಿಟಕಿಗೆ ಅಂಟಿಸಿದ್ದ ‘ಇದ್ದದ್ದು ಇದ್ದ ಹಾಗೆ’, ಅಂದರೆ ಆಮೇಲೆ ಅಂಗಡಿ ಹೊಣೆಯಲ್ಲ, ಎಂಬ ಕಾಗದ ತೋರಿಸಿದರು. ಮೂರು ದಿನದೊಳಗೆ ಹಿಂದಿರುಗಿಸಬಹುದು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಾನೂ ನಂಬಿದ್ದೆ. ಅಂಗಡಿಗೇ ಹೋಗಿ ಕೊಂಡ ಕಾರಿಗೆ ಅಮೆರಿಕದ ಆ ಮೂರು ದಿನದ ಕೇಂದ್ರ ನಿಯಮ ಅನ್ವಯಿಸುವುದಿಲ್ಲ. ಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಏನಿದೆ ಎಂದು ಕೇಳಿದರು. ಹೆಂಡತಿ ಇದ್ದಳು ಎಂದೆ. ನಕ್ಕರು. ಆ ಹುಡುಗನಿಗೆ ಬರೆದ ಇಮೇಲಿಗೆ ‘ಪ್ರಿಯ ಗ್ರಾಹಕರೇ’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಅಣ್ಣ ಹೋದ, ತಿಪಟೂರೂ ಹೋಯಿತು.

ಹಟ ಹಿಡಿದು ಕಾಂಟ್ರಾಕ್ಟ್ ರದ್ದು ಮಾಡಿಸಿದೆ. ಆ ಹಣವೂ ಕೈಗೆ ಬರಲಿಲ್ಲ, ಸಾಲದ ಅಸಲಿಗೆ ಜಮೆಯಾಯಿತು. ತಿಂಗಳ ಕಂತು ಒಂದು ಡಾಲರ್ ಕೂಡ ಇಳಿಯಲಿಲ್ಲ.

ನೀವು ಹೋದರೆ ‘ಹೈಬ್ರಿಡ್’ ಎಂಬ ಪದವನ್ನೇ ಬಳಸಬೇಡಿ. ‘48 ವೋಲ್ಟ್ ಬ್ಯಾಟರಿ ಇದೆಯೇ, ಇ-ಟಾರ್ಕ್ ಇದೆಯೇ’ ಎಂದು ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಗಾಡಿ ಹೊಸದಾಗಿದ್ದಾಗಿನ ವಿಂಡೋ ಸ್ಟಿಕ್ಕರ್ ಕೇಳಿ, ಎಂಜಿನ್ನಿನ ಸಾಲಿನಲ್ಲಿ ಬರೆದಿರುತ್ತದೆ. ಹಿಂದಿನ ಸೀಟು ಮಡಚಿ ನೋಡಿ. ಓಡಿಸುವ ಮುನ್ನ ನೀವೇ ಆರಿಸಿ, ನೀವೇ ಚಾಲೂ ಮಾಡಿ. ಮತ್ತು ಯಾರಾದರೂ ಯಾವೂರು ಎಂದು ಕೇಳಿದರೆ ಡಲ್ಲಾಸ್ ಎಂದುಬಿಡಿ.

ಗಾಡಿಯ ಮೇಲೆ ನನಗೆ ಕೋಪವಿಲ್ಲ, ಟ್ರೇಲರನ್ನು ಸಲೀಸಾಗಿ ಎಳೆಯುತ್ತದೆ. ಬರುವ ಭಾನುವಾರ ಗಣೇಶನ ಹಬ್ಬದ ಊಟಕ್ಕೆ ಅದರಲ್ಲೇ ಹೊರಡಬೇಕು. ಪ್ರತಿ ಸಲವೂ ಆ ಗುಂಡಿ ಒತ್ತಲು ಮರೆಯುತ್ತೇನೆಂದು ಹೆಂಡತಿ ತನ್ನ ಹಣೆಯ ಕೆಂಪು ಸ್ಟಿಕ್ಕರ್ ತೆಗೆದು ಅದರ ಪಕ್ಕಕ್ಕೆ ಅಂಟಿಸಿದ್ದಾಳೆ.