ಫಾಕ್ಸ್‌ಗ್ಲೋವ್ ಬೀಜದ ಪೊಟ್ಟಣ: ಬೀಜ ಉತ್ತಮ, ಸೂಚನೆ ಅಪೂರ್ಣ

ಊಟಿಯ ನಮ್ಮ ಮನೆಯ ಹಿತ್ತಲಿಗೆಂದು ‘ಫಾಕ್ಸಿ’ ತಳಿಯ ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಬೀಜದ ಪೊಟ್ಟಣವನ್ನು ಆನ್‌ಲೈನ್‌ನಲ್ಲಿ ತರಿಸಿ, ಬಿತ್ತನೆಯಿಂದ ಹೂ ಬಿಡುವವರೆಗೂ ಗಮನಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೀಜದಲ್ಲಿ ದೋಷವಿಲ್ಲ, ಪೊಟ್ಟಣದ ಮೇಲಿನ ಬರಹವನ್ನು ಮಾತ್ರ ನಂಬುವಂತಿಲ್ಲ.

ಸಾಮಾನ್ಯ ಫಾಕ್ಸ್‌ಗ್ಲೋವ್, ಅಂದರೆ ಡಿಜಿಟಾಲಿಸ್ ಪರ್ಪ್ಯೂರಿಯಾ, ಮೊದಲ ವರ್ಷ ನೆಲಮಟ್ಟದಲ್ಲಿ ಎಲೆಗಳನ್ನಷ್ಟೇ ಹರಡಿಕೊಂಡಿದ್ದು, ಎರಡನೆಯ ವರ್ಷ ಆಳೆತ್ತರದ ಹೂದಂಟು ಬಿಟ್ಟು, ಬೀಜ ಕಟ್ಟಿದ ಮೇಲೆ ಸಾಮಾನ್ಯವಾಗಿ ಒಣಗಿಹೋಗುತ್ತದೆ. ಅಷ್ಟು ಕಾಲ ಕಾಯಲಾಗದವರಿಗೆ ಫಾಕ್ಸಿ ಸೂಕ್ತ. ಬಿತ್ತಿದ ಸುಮಾರು 5 ತಿಂಗಳಿಗೆ ಅದು ಹೂ ಬಿಡುತ್ತದೆ. ಸುಮಾರು 3 ಅಡಿಗೇ ನಿಲ್ಲುವುದರಿಂದ ಗಾಳಿಗೂ ಅಷ್ಟಾಗಿ ಬಾಗುವುದಿಲ್ಲ.

ಬೀಜವನ್ನು ಅರ್ಧ ಅಂಗುಲ ಮಣ್ಣಿನಿಂದ ಮುಚ್ಚಬೇಕೆಂದು ಪೊಟ್ಟಣ ಹೇಳುತ್ತದೆ. ಇದು ಶುದ್ಧ ತಪ್ಪು. ರಾಗಿಗಿಂತಲೂ ಎಷ್ಟೋ ಸಣ್ಣದಾದ, ಕಂದು ಪುಡಿಯಂತೆ ಕಾಣುವ ಈ ಬೀಜ ಮೊಳೆಯಲು ಬೆಳಕು ಬೇಕು. ಪರೀಕ್ಷೆಗೆಂದು ಒಂದು ಟ್ರೇಯಲ್ಲಿ ಅವರು ಹೇಳಿದಂತೆಯೇ ಮಣ್ಣು ಮುಚ್ಚಿದೆ. ಇನ್ನೊಂದರಲ್ಲಿ ಬೀಜವನ್ನು ಒಣ ನಯಮರಳಿನೊಂದಿಗೆ ಬೆರೆಸಿ, ಒದ್ದೆ ಮಾಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎಲೆಗೊಬ್ಬರದ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಹಾಗೆಯೇ ಬಿಟ್ಟೆ. ಮೊದಲನೆಯದರಲ್ಲಿ ಮಣ್ಣು ಬರಿದಾಗಿಯೇ ಉಳಿಯಿತು. ಎರಡನೆಯದರಲ್ಲಿ ಮೂರನೆಯ ವಾರದೊಳಗೆ ಹಸಿರು ಚುಕ್ಕಿಗಳು ಒತ್ತೊತ್ತಾಗಿ ಎದ್ದವು. ಮೇಲಿನಿಂದ ನೀರು ಸುರಿದರೆ ಬೀಜ ಕೊಚ್ಚಿಹೋಗುವುದರಿಂದ ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಅಡಿಯಿಂದ ತೇವ ಹತ್ತಿಸುವುದು ಲೇಸು. ಅಕ್ಟೋಬರ್‌ನಲ್ಲಿ ಮಳೆಗೆ ಮರೆ ಮಾಡಿ ಬಿತ್ತಿದರೆ ಏಪ್ರಿಲ್ ಹೊತ್ತಿಗೆ ಹೂ ಕಾಣಬಹುದು. ಬೇರೂರಿದ ಸಸಿಗಳು ಜನವರಿಯ ಕೊರೆಯುವ ಚಳಿಯನ್ನೂ ತಾಳುತ್ತವೆ.

ಹೂವಿನ ವಿಷಯದಲ್ಲಿ ನನಗೆ ಪೂರ್ಣ ತೃಪ್ತಿಯಿದೆ. ದಂಟಿನ ಒಂದೇ ಬದಿಗೆ ಜೋತು ಬೀಳುವ ಗಂಟೆಯಾಕಾರದ ಹೂಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತವೆ. ಒಂದನ್ನು ಮೇಲೆತ್ತಿ ಒಳಗೆ ನೋಡಿದರೆ, ಕೆಳದುಟಿಯ ಮೇಲೆ ಬಿಳಿಯ ಅಂಚು ಕಟ್ಟಿದ ಕಡುಗೆಂಪು ಚುಕ್ಕೆಗಳು ಗಂಟಲಿನವರೆಗೂ ಹರಡಿರುತ್ತವೆ. ನಡುದಂಟಿನ ಹೂ ಮುಗಿದ ಕೂಡಲೇ ಅದನ್ನು ಕತ್ತರಿಸಿದರೆ ಬದಿಯಿಂದ ಸಣ್ಣ ದಂಟುಗಳು ಬರುತ್ತವೆ. ಊಟಿ, ಕೂನೂರು, ಕೋಟಗಿರಿಯವರು ಧಾರಾಳವಾಗಿ ಬೆಳೆಸಬಹುದು. ಘಟ್ಟದ ಕೆಳಗಿನ ಕೊಯಮತ್ತೂರಿನ ಬಿಸಿಲಿಗೆ ಇದು ಹೊಂದುವ ಗಿಡವಲ್ಲ.

ನನ್ನ ಮುಖ್ಯ ಆಕ್ಷೇಪಣೆ ಬೇರೆಯೇ ಇದೆ. ಈ ಗಿಡದ ಎಲೆ, ಹೂ, ಬೀಜ, ಎಲ್ಲವೂ ವಿಷ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಇದರ ಔಷಧೀಯ ಬಳಕೆಯ ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಹೃದಯ ರೋಗಕ್ಕೆ ಕೊಡುವ ಡಿಗಾಕ್ಸಿನ್ ಇದೇ ಕುಲದ ಇನ್ನೊಂದು ಗಿಡದಿಂದ ಬರುತ್ತದೆ. ಹೃದಯದ ಬಡಿತವನ್ನು ಸರಿಪಡಿಸುವ ಅಂಥ ಅಂಶವೇ ಅಳತೆ ಮೀರಿದರೆ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಹೂ ಬಿಡುವ ಮೊದಲು ಇದರ ಸುಕ್ಕುಗಟ್ಟಿದ, ಮೆತ್ತನೆಯ ರೋಮವಿರುವ ಎಲೆಗಳು ಯಾವುದೋ ಅಡುಗೆಯ ಸೊಪ್ಪಿನಂತೆ ತೋರುತ್ತವೆ. ಹಿತ್ತಲಲ್ಲೇ ಸೊಪ್ಪು ಬೆಳೆದು ಸಾರಿಗೆ ಕೊಯ್ಯುವ ನಮ್ಮಂಥ ಮನೆಗಳಲ್ಲಿ ಇದನ್ನು ಸೊಪ್ಪಿನ ಮಡಿಯಿಂದ ದೂರ, ಮಕ್ಕಳಿಗೂ ದನಗಳಿಗೂ ಎಟುಕದಂತೆ ನೆಡಬೇಕು. ಪೊಟ್ಟಣದಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಮುಂದಿನ ಮುದ್ರಣದಲ್ಲಾದರೂ ಎಚ್ಚರಿಕೆಯನ್ನು ಕನ್ನಡ ಮತ್ತು ತಮಿಳಿನಲ್ಲಿ, ಹೂವಿನ ಚಿತ್ರದಷ್ಟೇ ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂದು ಮಾರಾಟಗಾರರಿಗೆ ಬರೆದಿದ್ದೇನೆ.