ಮೇಯಿಸೋ ಹುಲ್ಲಿಗೆ ಯೂರಿಯಾನಾ, ಸ್ಟೈಲೋನಾ?

ಚಳ್ಳಕೆರೆ ಕಡೆ ನಮ್ಮದು ಮಳೆಯನ್ನೇ ನಂಬಿದ ಕೆಂಪು ನೆಲ. ಕುರಿ ಜಾಸ್ತಿ, ಜೊತೆಗೆ ನಾಲ್ಕೈದು ದನ. ಶೇಂಗಾ ಕೈಕೊಡುತ್ತಿದ್ದ ಹೊಲಕ್ಕೆ ಅಂಜನ್ ಹುಲ್ಲು ಬಿತ್ತಿ, ಅರ್ಧಕ್ಕೆ ಯೂರಿಯಾ ಕೊಟ್ಟೆ. ಉಳಿದರ್ಧದಲ್ಲಿ ಹುಲ್ಲಿನ ಸಾಲುಗಳ ನಡುವೆ ಸ್ಟೈಲೋ ಹಾಕಿದೆ. ಅದು ಅಲಸಂದೆ, ಹುರುಳಿಯ ಹಾಗೆ ದ್ವಿದಳ ಜಾತಿಯ ಮೇವು.

ಮೊದಲ ವರ್ಷ ಯೂರಿಯಾದ್ದೇ ಮೇಲುಗೈ, ಅದರಲ್ಲಿ ಎರಡು ಮಾತಿಲ್ಲ. ಆರಿದ್ರಾ ಮಳೆ ಹದವಾಗಿ ಬಂತು, ಹುಲ್ಲು ಕಡುಹಸಿರಾಗಿ ಎದ್ದಿತು. ಸ್ಟೈಲೋ ಆಗಿನ್ನೂ ಬೆರಳುದ್ದ. ನೋಡಿದವರು 'ಇದೇನು, ಕಳೆನಾ?' ಅಂದರು. ಯೂರಿಯಾ ಅಗ್ಗ ಕೂಡ. 45 ಕೆಜಿ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಅದರಲ್ಲಿ 20 ಕೆಜಿಗೂ ಮೇಲೆ ಸಾರಜನಕ. ಸಿಗಬೇಕಷ್ಟೆ! ದಾವಣಗೆರೆ ಕಡೆಯವರು ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡೋ ಹೊತ್ತಿಗೇ ನಮಗೂ ಬೇಕು.

ಮರುವರ್ಷ ಮಳೆ ಕಣ್ಣಾಮುಚ್ಚಾಲೆ ಆಡಿತು. ತುಂತುರು ಬಿದ್ದು ಯೂರಿಯಾ ಕರಗಿತು, ಬೆನ್ನಿಗೇ ಸುಡು ಬಿಸಿಲು. ಹೀಗಾದರೆ ಅದು ಮಣ್ಣಿಗೆ ಇಳಿಯಲ್ಲ, ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇನ್ನೊಂದು ಭಯವೂ ಇದೆ. ಜಾಸ್ತಿ ಯೂರಿಯಾ ತಿಂದ ಹುಲ್ಲು ನೀರಿಲ್ಲದೆ ಬಾಡಿದರೆ ಅದರಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ, ದನ-ಕುರಿಗೆ ಅದು ವಿಷ.

ಅದೇ ಬಿಸಿಲಲ್ಲಿ ಸ್ಟೈಲೋ ನಿಂತಿತ್ತು. ಒಂದು ಗಿಡವನ್ನು ಮಣ್ಣು ಸಮೇತ ಕಿತ್ತು ಬೇರು ತೊಳೆದೆ. ಸಾಸಿವೆಯಷ್ಟು ಸಣ್ಣ ಗಂಟುಗಳು. ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೀತಿದೆ ಅಂತ ಅರ್ಥ. ಹಾಗಂತ ಅದು ಪಕ್ಕದ ಹುಲ್ಲಿಗೆ ಕೂಡಲೇ ಸಿಗಲ್ಲ. ಎಲೆ ಉದುರಿ, ಬೇರು ಕೊಳೆತು, ಅದಕ್ಕಿಂತ ಹೆಚ್ಚಾಗಿ ಹಿಕ್ಕೆ-ಗಂಜಲದ ಮೂಲಕ ಸಿಗಬೇಕು. ತಡ ಆಗೋದು ಅದಕ್ಕೇ. ಆದರೆ ಚಿತ್ತೆ ಮಳೆ ಮುಗಿದು ಹುಲ್ಲು ಕಡ್ಡಿಯಾದ ಮೇಲೆ ಕುರಿಗಳು ಯೂರಿಯಾ ಕಡೆಗೆ ತಿರುಗಿಯೂ ನೋಡಲಿಲ್ಲ. ಸ್ಟೈಲೋದ ಹಸಿರು ಕುಡಿಯನ್ನೇ ಆರಿಸಿ ತಿಂದವು.

ಎರಡನ್ನೂ ಸೇರಿಸಿದರೆ ಹೇಗೆ ಅಂತ ಕೇಳಬಹುದು. ಬೇಡ. ಯೂರಿಯಾ ಸಿಕ್ಕ ಹುಲ್ಲು ಎತ್ತರವಾಗಿ ಸ್ಟೈಲೋಗೆ ನೆರಳು ಕಟ್ಟುತ್ತದೆ. ಸಾರಜನಕ ಸುಮ್ನೆ ಸಿಗುವಾಗ ಬೇರಿನ ಗಂಟುಗಳೂ ಸೋಮಾರಿಯಾಗುತ್ತವೆ.

ಬೋರ್‌ವೆಲ್ ಪಕ್ಕದ ನೇಪಿಯರ್ ಹುಲ್ಲಿಗೆ ಮಾತ್ರ ನನ್ನ ಮತ ಯೂರಿಯಾಕ್ಕೇ. ನೀರು ನಮ್ಮ ಕೈಲಿದ್ದರೆ ಅದನ್ನು ಮೀರಿಸೋದು ಕಷ್ಟ. ನೀರಿದೆ ಅಂತ ಕುದುರೆ ಮಸಾಲೆ (ಲೂಸರ್ನ್ ಅನ್ನೋ ದ್ವಿದಳ ಮೇವು) ಬೆಳೆದರೆ ಹಸಿದ ದನವನ್ನು ನೇರ ಅದಕ್ಕೆ ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಸ್ಟೈಲೋಗೆ ಆ ಕಾಟ ಇಲ್ಲ.

ಮಳೆ ಹೊಲಕ್ಕೆ ಸ್ಟೈಲೋ ಹಾಕೋದಾದರೆ ಬೀಜದ ಸಿಪ್ಪೆ ಗಟ್ಟಿ ಅನ್ನೋದು ನೆನಪಿರಲಿ. ಬಿಸಿನೀರಲ್ಲಿ ಕೆಲವು ನಿಮಿಷ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿ. ಸ್ವಲ್ಪ ಸೂಪರ್ ಫಾಸ್ಫೇಟ್ ಕೊಡಿ, ರಂಜಕ ಇಲ್ಲದಿದ್ದರೆ ಗಂಟು ಸರಿಯಾಗಿ ಕಟ್ಟಲ್ಲ. ಮೊದಲ ವರ್ಷ ಬೀಜ ಉದುರೋವರೆಗೆ ಕುರಿ ಬಿಡಬೇಡಿ.