ಬೀದರಿನಿಂದ ಅಧ್ಯಯನ ಪ್ರವಾಸ: ಇರಾನೋ, ಉಜ್ಬೇಕಿಸ್ತಾನವೋ?

ಮಹಮೂದ್ ಗವಾನ್ ಮದರಸಾದ ಮಿನಾರಿಗೆ ಇನ್ನೂ ಅಂಟಿಕೊಂಡಿರುವ ನೀಲಿ ಟೈಲ್ಸಿನ ಚೂರು ನೋಡಿದರೆ ಅದರ ತವರಿಗೆ ಹೋಗುವ ಆಸೆ ಆಗುತ್ತದೆ. ಅದನ್ನು ಕಟ್ಟಿಸಿದ ಬಹಮನಿ ಮಂತ್ರಿ ಗವಾನ್ ಬಂದದ್ದೇ ಇರಾನಿನ ಗಿಲಾನಿನಿಂದ. ಆದರೆ ಕಾನೂನೂ ನೋಡಬೇಕಲ್ವಾ?

ಇರಾನ್ ಮೇಲಿರುವ ಅಮೆರಿಕದ ನಿರ್ಬಂಧ ನಮ್ಮ ವಿದ್ಯಾರ್ಥಿ ಅಲ್ಲಿಗೆ ಹೋಗುವುದನ್ನು ತಡೆಯುವುದಿಲ್ಲ. ಬಿಸಿ ತಟ್ಟುವುದು ದುಡ್ಡಿಗೆ. ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಅಲ್ಲಿ ಸುಮ್ನೆ ಪ್ಲಾಸ್ಟಿಕ್ ಚೂರು. ರೂಮಿನ ಬಾಡಿಗೆಯಿಂದ ಚಹಾದವರೆಗೆ ನೋಟನ್ನೇ ಎಣಿಸಬೇಕು. ಹೆಚ್ಚಿನ ದೇಶಗಳಿಗೆ ಹೋಗುವಾಗ 3,000 ಡಾಲರ್‌ವರೆಗೆ ಮಾತ್ರ ನೋಟು ಕೊಡುವ ರಿಸರ್ವ್ ಬ್ಯಾಂಕ್ ನಿಯಮ ಇರಾನಿಗೆ ಸಡಿಲ ಬಿಟ್ಟಿದೆ. ಅಮೆರಿಕದ ತಂತ್ರಜ್ಞಾನವಿರುವ ಸರ್ವೆ ಯಂತ್ರ ಒಯ್ದರೆ ಅವರ ರಫ್ತು ನಿಯಮ ಅಡ್ಡ ಬರಬಹುದು. ಮುಂದೆ ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷದ ಪ್ರವಾಸ ಕೇಳುತ್ತಾರೆ, ಬಚ್ಚಿಡಬೇಡಿ. 2025ರ ಜೂನ್‌ನ ಇಸ್ರೇಲ್-ಇರಾನ್ ಯುದ್ಧದಲ್ಲಿ ನಮ್ಮ ಸರ್ಕಾರವೇ ಅಲ್ಲಿನ ವಿದ್ಯಾರ್ಥಿಗಳನ್ನು ಕರೆತರಬೇಕಾಯಿತು.

ಉಜ್ಬೇಕಿಸ್ತಾನಕ್ಕೆ ಇಷ್ಟು ತಲೆನೋವಿಲ್ಲ. ಇ-ವೀಸಾ ಸಿಗುತ್ತದೆ, ಕಾರ್ಡ್ ನಡೆಯುತ್ತದೆ, ಸಮರ್ಕಂದದಲ್ಲಿ ನೀಲಿ ಟೈಲ್ಸೂ ಬೇಕಾದಷ್ಟು.

ಡಿಗ್ರಿ ಓದುವ ಮೂವತ್ತು ಹುಡುಗರ ಜವಾಬ್ದಾರಿ ನನ್ನ ಮೇಲಿದ್ದರೆ ಸಮರ್ಕಂದಕ್ಕೇ ಹೊರಡುತ್ತೇನೆ. ಪಾರ್ಸಿ ಭಾಷೆ ಕಲಿತ ಪಿಎಚ್‌ಡಿ ಹುಡುಗಿ ಒಬ್ಬಳೇ ಹೋಗುವುದಾದರೆ ಇರಾನ್ ಬಿಡಬಾರದು. ವಿದೇಶಾಂಗ ಸಚಿವಾಲಯದ ಸಲಹೆ ಓದಿದ ಮೇಲಷ್ಟೇ ಟಿಕೆಟ್ ತೆಗೆಯಲಿ.